ನಮ್ಮಾತನದು ಏನಾದ್ರೂ ಬಂತಾ

ಬ್ಯಾಂಡ್ ಮೇಷ್ಟ್ರು ತೀರಿಕೊಂಡ ಸುದ್ದಿ ಶ್ರೀನಿವಾಸಪುರಕ್ಕೆ ಬಂದು ನನ್ನನ್ನು ಮುಟ್ಟುವ ಹೊತ್ತಿಗೆ ಅವರ ತಿಥಿಯೂ ಮುಗಿದುಹೋಗಿತ್ತು. ಅವರ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಮಾಲೂರಿನ ದರ್ಜಿ, ತಮ್ಮನಿಗೆ ಹೆಣ್ಣು ನೋಡಲು ಈ ಕಡೆ ಬಂದಿದ್ದವನು, ನಾನು ಗುಮಾಸ್ತನಾಗಿರುವ ಅಂಚೆ ಕಚೇರಿಯ ಕಿಟಕಿಯಲ್ಲಿ ಮುಖ ಇಟ್ಟು ಹೇಳಿದ: "ಮೇಷ್ಟ್ರು ಹೋದ್ರು ಸ್ವಾಮಿ. ನಿದ್ದೇಲೇ. ಬಿಟ್ಟ ಉಸಿರು ತಿರುಗಿ ತಗೊಳ್ಳಲಿಲ್ಲ, ಅಷ್ಟೆ."

ಬೇರೆ ಯಾರ ವಿಷಯವಾಗಿದ್ದರೂ ನಂಬುತ್ತಿದ್ದೆ. ಮೇಷ್ಟ್ರ ವಿಷಯದಲ್ಲಿ ಮಾತ್ರ, ಇನ್ನೂ ಸ್ವಲ್ಪ ಹೊತ್ತು ಕಾದು ನೋಡಬೇಕಾಗಿತ್ತು ಎಂದು ಮನಸ್ಸಿಗೆ ಬಂತು. ಅಷ್ಟು ಉದ್ದದ ಉಸಿರು ಅವರದು.

ಅಂದು ಸಂಜೆ ಮನೆಗೆ ಬಂದು ಮಾಲೂರಿನ ವರ್ಷಗಳ ದಿನಚರಿಗಳನ್ನು ತೆಗೆದೆ. ಕೆಲಸಕ್ಕೆ ಸೇರಿದ ದಿನದಿಂದ ಒಂದು ದಿನವೂ ತಪ್ಪಿಸದೆ ಬರೆಯುತ್ತ ಬಂದಿದ್ದೇನೆ. ಮೇಷ್ಟ್ರ ಪ್ರಸ್ತಾಪ ಬಂದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಹಾಕುತ್ತ ಹೋದರೆ ವಾರಕ್ಕೆ ಎರಡು ಮೂರು ಗೆರೆಗಳಾದರೂ ಆದವು. ಆದರೆ ಹೆಚ್ಚಿನ ಕಡೆ ಇರುವುದು ಒಂದೇ ಸಾಲು: 'ಸಂಜೆ ಮೇಷ್ಟ್ರ ಮನೆ. ಗ್ರಾಮಾಫೋನ್ ಪ್ಲೇಟು ಕೇಳಿದ್ದು.' ತಾರೀಖು ಸರಿಯಾಗಿದೆ, ಮನುಷ್ಯ ಇಲ್ಲ. ಆದ್ದರಿಂದ ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ನಾನು ಮಾಲೂರಿಗೆ ಬಂದದ್ದು ಯುದ್ಧ ಶುರುವಾಗುವುದಕ್ಕೆ ಮೂರು ವರ್ಷ ಮೊದಲು. ಬೈರಕೂರಿನಿಂದ ತಾಯಿಯನ್ನು ಕರೆಸಿಕೊಂಡು ರೈಲ್ವೆ ಸ್ಟೇಷನ್ನಿನ ಬೀದಿಯಲ್ಲಿ ಮನೆ ಮಾಡಿದೆ. ಪಕ್ಕದ ಮನೆ ಮೇಷ್ಟ್ರದು, ನಡುವೆ ಒಂದೇ ಗೋಡೆ. ಆಳು ಕುಳ್ಳಗೆ, ಕಾಲು ಸಣ್ಣ, ಎದೆ ಮಾತ್ರ ಬೇರೆ ಯಾರದೋ ದೊಡ್ಡ ಆಳಿನಿಂದ ಎರವಲು ತಂದಂತೆ ಇತ್ತು. ಕ್ಲಾರಿಯೊನೆಟ್ಟಿನ ಬಾಯಿಗೆ ಕಟ್ಟುವ ತೆಳ್ಳನೆಯ ಪಟ್ಟಿಯನ್ನು, ಆ ರೀಡನ್ನು, ನೆನೆಸಲು ಸದಾ ಬಾಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದನ್ನು ತೆಗೆಯದೆಯೇ ಮಾತಾಡುವ ಅಭ್ಯಾಸವಾಗಿ ಹಲ್ಲು ಬಿಡದೆ ಮಾತಾಡುತ್ತಿದ್ದರು. ಹೊಸಬರಿಗೆ ಅವರು ಸಿಟ್ಟಾಗಿದ್ದಾರೆ ಎನ್ನಿಸುತ್ತಿತ್ತು. ಸಿಟ್ಟು ಇರುತ್ತಿತ್ತು, ಆದರೆ ಅದು ಬೇರೆ.

ಅವರ ಮನೆತನ ಮುಳಬಾಗಿಲಿನ ಕಡೆ ದೇವಸ್ಥಾನದ ಓಲಗದವರದು. ಮನೆಯಲ್ಲಿ ಆಡುತ್ತಿದ್ದದ್ದು ತೆಲುಗು. ಹದಿನೆಂಟನೆಯ ವಯಸ್ಸಿನಲ್ಲಿ ನಾಗಸ್ವರ ಬಿಟ್ಟು ಒಂದು ನಾಟಕದ ಕಂಪನಿಯ ಹಿಂದೆ ಹೋದರು. ಅಲ್ಲಿ ಕ್ಲಾರಿಯೊನೆಟ್ಟು ಕಲಿತರು. ಅಣ್ಣತಮ್ಮಂದಿರು ಅದನ್ನು 'ದೊರೆಗಳ ಪೀಪಿ' ಎಂದು ಹಂಗಿಸಿದರಂತೆ. ಆಮೇಲೆ ಇವರು ಆ ಊರಿನ ನೀರೂ ಕುಡಿದವರಲ್ಲ. ಕಂಪನಿ ಒಡೆದಾಗ ಮಾಲೂರಿಗೆ ಬಂದು ಒಂದು ಬ್ಯಾಂಡ್ ಸೆಟ್ಟು ಕಟ್ಟಿದರು. ದರ್ಜಿ ಡ್ರಮ್ಮಿಗೆ, ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಒಬ್ಬ ಕಾರ್ನೆಟ್ಟೆಂಬ ತುತ್ತೂರಿಗೆ, ಹೀಗೆ ಬೇರೆ ಬೇರೆ ಕಸುಬಿನವರು. ಮದುವೆ, ದೇವರ ಉತ್ಸವ, ತುಂಬು ಬಾಳು ಬಾಳಿದವರ ಸಾವಿನ ಮೆರವಣಿಗೆ ಎಲ್ಲಕ್ಕೂ ಹೋಗುತ್ತಿದ್ದರು. ಕೆಂಪು ಕೋಟಿನ ಜರಿಪಟ್ಟಿಯ ಬಣ್ಣ ಹೋಗದಿರಲೆಂದು ಕೋಟುಗಳನ್ನು ನೆರಳಿನಲ್ಲಿ ಒಣಗಿಸಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ಒಮ್ಮೆ ದರ್ಜಿ ಬಿಸಿಲಿಗೆ ಹಾಕಿದ್ದಕ್ಕೆ ಎರಡು ಮದುವೆಗೆ ಅವನನ್ನು ಕರೆಯಲೇ ಇಲ್ಲ.

ಜನರನ್ನು ಅವರು ಅಳೆಯುತ್ತಿದ್ದದ್ದು ಉಸಿರಿನಿಂದ. ನಮ್ಮ ಪೋಸ್ಟ್‌ಮಾಸ್ತರರನ್ನು ಒಂದು ಸಲ ನೋಡಿ, ಮಾತಿನ ನಡುವೆ ನಾಲ್ಕು ಕಡೆ ಉಸಿರು ತಗೋತಾರೆ, ಇವರ ಮಾತು ನಂಬಬೇಡಿ ಎಂದು ನನಗೆ ಹೇಳಿದ್ದರು. ನನ್ನ ತಾಯಿಯ ಉಸಿರು ಒಳ್ಳೆಯದು ಎಂದು ಒಪ್ಪಿಕೊಂಡಿದ್ದರು. ನನ್ನದರ ಬಗ್ಗೆ ಏನೂ ಹೇಳಲಿಲ್ಲ. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಒಂದು ಹುಣಸೆಮರದ ಬುಡದಲ್ಲಿ ನಿಂತು ಎದೆ ತುಂಬಿಕೊಂಡು ಒಂದೇ ಸ್ವರ ಊದುತ್ತ ನಡೆಯಲು ಶುರುಮಾಡುತ್ತಿದ್ದರು. ಉಸಿರು ಮುಗಿದ ಮರಕ್ಕೆ ಸುಣ್ಣದ ಗುರುತು ಹಾಕುತ್ತಿದ್ದರು. ನಾನು ಬಂದ ವರ್ಷಕ್ಕೂ ಅಲ್ಲಿಂದ ವರ್ಗವಾದ ವರ್ಷಕ್ಕೂ ಆ ಸುಣ್ಣ ಬಹಳ ಮುಂದಿನ ಮರಕ್ಕೆ ಹೋಗಿತ್ತು.

ಇಷ್ಟೆಲ್ಲ ಯಾಕೆ ಎಂದರೆ, ಅವರು ಒಬ್ಬನ ಸಮಕ್ಕೆ ಬರಬೇಕಾಗಿತ್ತು.

ಅವರ ಮನೆಯಲ್ಲಿ ಒಂದು ಗ್ರಾಮಾಫೋನಿತ್ತು. ಚಿನ್ನದ ಗಣಿಯ ಕಡೆ ದೊರೆಯೊಬ್ಬ ಊರು ಬಿಡುವಾಗ ಸಾಮಾನು ಹರಾಜು ಹಾಕಿದ್ದನಂತೆ. ಕೆಟ್ಟು ನಿಂತಿದ್ದ ಈ ಪೆಟ್ಟಿಗೆಯನ್ನು ಯಾರೂ ಕೇಳದೆ ಇದ್ದಾಗ ಇವರು ತಂದರು. ಕೋಲಾರದಲ್ಲಿ ರಿಪೇರಿ ಮಾಡಿಸಿದರು. ಪೆಟ್ಟಿಗೆಯ ಜೊತೆ ಒಂದಷ್ಟು ಪ್ಲೇಟುಗಳೂ ಬಂದಿದ್ದವು. ಅದರಲ್ಲಿ ಒಂದರ ಮೇಲೆ ಅಮೆರಿಕದ ಕ್ಲಾರಿಯೊನೆಟ್ಟಿನವನೊಬ್ಬನ ಹೆಸರು. ಆ ಹೆಸರನ್ನು ನಾನು ಎಷ್ಟು ಸಲ ಓದಿ ಹೇಳಿದರೂ ಮೇಷ್ಟ್ರ ಬಾಯಿಗೆ ಹತ್ತಲಿಲ್ಲ. ಅವರಿಗೆ ಅವನು 'ನಮ್ಮಾತ'. ಇಲ್ಲಿಯೂ ಹಾಗೆಯೇ ಇರಲಿ.

ಆ ಸಂಗೀತಕ್ಕೆ ಜಾಝ್ ಎನ್ನುತ್ತಾರೆ ಎಂಬುದು ಲೇಬಲ್ಲು ಓದಿ ನಮಗೆ ಗೊತ್ತಾದದ್ದು. ಹೆಸರಿನ ಕೆಳಗೆ 'ಫಾಕ್ಸ್ ಟ್ರಾಟ್' ಎಂದೂ ಇತ್ತು. ಕಚೇರಿಯ ನಿಘಂಟಿನಲ್ಲಿ ಒಂದೊಂದೇ ಮಾತು ಹುಡುಕಿ, ನರಿಯ ಓಟ ಎಂದಿರಬೇಕು ಎಂದೆ. ಮೇಷ್ಟ್ರು ಪ್ಲೇಟು ಪೂರ್ತಿ ಕೇಳಿ, "ನರಿಗೆ ವಯಸ್ಸಾಗಿರಬೇಕು" ಎಂದರು.

ಯಾಕೆಂದರೆ ಆ ಹಾಡು ಓಡುತ್ತಿರಲಿಲ್ಲ. ಹೆಗಲ ಮೇಲೆ ಭಾರ ಹೊತ್ತವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ನಡುವೆ ಯಾರೋ ಒಬ್ಬ ನಾಲ್ಕು ಸಾಲು ಹಾಡುತ್ತಿದ್ದ, ಬಾವಿಯೊಳಗಿಂದ ಮಾತಾಡಿದ ಹಾಗೆ. ಅವನು ನಿಲ್ಲಿಸಿದ ಮೇಲೆ ಕ್ಲಾರಿಯೊನೆಟ್ಟು ಒಂದು ಸ್ವರ ಹಿಡಿಯುತ್ತಿತ್ತು. ಅದು ಇನ್ನೇನು ಮುಗಿಯಿತು ಎನ್ನುವಾಗ ಮುಗಿಯುತ್ತಿರಲಿಲ್ಲ. ಕೇಳುವ ನಮಗೇ ಉಸಿರು ಕಟ್ಟುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳು ಊರಿಕೊಂಡು ಕೂತಿರುತ್ತಿದ್ದರು. ಮುಗಿದ ಮೇಲೆ ತಲೆ ಅಲ್ಲಾಡಿಸುತ್ತಿದ್ದರು. ಮನುಷ್ಯನಿಗೆ ಇಷ್ಟು ಉಸಿರು ಇರಬಹುದು ಎಂದು ಆತ ತೋರಿಸಿಕೊಟ್ಟಿದ್ದಾನೆ, ಇನ್ನು ನಾನು ಮಲಗಿರೋಕ್ಕಾಗುತ್ತಾ ಎನ್ನುತ್ತಿದ್ದರು.

ಆ ಹಾಡನ್ನು ಅವರು ಕಿವಿಯಿಂದಲೇ ಕಲಿತರು. ಬ್ಯಾಂಡಿನವರಿಗೂ ಕಲಿಸಿದರು. ಅವರು ಸ್ವಲ್ಪ ಮುಂದೆ ಓಡಿದರೆ ಮೇಷ್ಟ್ರು ಊದುವುದನ್ನು ನಿಲ್ಲಿಸಿ "ನಿದಾನಂಗಾ, ನಿದಾನಂಗಾ" ಎಂದು ಕೈ ಕೆಳಗೆ ಒತ್ತುತ್ತಿದ್ದರು. ಮೆರವಣಿಗೆಯಲ್ಲಿ ಹೆಣದ ಮುಂದೆ ಅದನ್ನು ಊದತೊಡಗಿದಾಗ ಜನ ಸುಮ್ಮನಾಗಿಬಿಡುತ್ತಿದ್ದರಂತೆ. ಒಂದೆರಡು ವರ್ಷದಲ್ಲಿ ಮಾಲೂರು ತಾಲ್ಲೂಕಿನಲ್ಲೂ ಕೋಲಾರದ ಈಚೆಯ ಹಳ್ಳಿಗಳಲ್ಲೂ ಅದು ಸಾವಿನ ಹಾಡೆಂದೇ ಹೆಸರಾಯಿತು. ಕೋಲಾರದ ವರ್ತಕರೊಬ್ಬರು ಎಲ್ಲೋ ಕೇಳಿ ಮೆಚ್ಚಿಕೊಂಡು ಮಗಳ ಮದುವೆಯಲ್ಲಿ ಅದೇ ಬೇಕೆಂದು ಹಟ ಹಿಡಿದರು. ಮೇಷ್ಟ್ರು ಆ ಮದುವೆಯನ್ನೇ ಬಿಟ್ಟರು. ಬ್ಯಾಂಡಿನವರು ಮುನಿಸಿಕೊಂಡರು. ಅದು ಮದುವೆಯಲ್ಲಿ ಊದುವ ಹಾಡಲ್ಲ, ಅಷ್ಟೆ ಎಂದು ಇವರು ಒಳಗೆ ಹೋಗಿಬಿಟ್ಟರು.

ಹೊಸ ಪ್ಲೇಟುಗಳ ವಿಷಯಕ್ಕೆ ಬರುತ್ತೇನೆ. ನಾನು ಪಕ್ಕದ ಮನೆಯವನಾಗಿ ಅವರಿಗೆ ಹತ್ತಿರವಾದದ್ದು ಅದರಿಂದಲೇ. ಬೆಂಗಳೂರಿನ ದಂಡಿನ ಪ್ರದೇಶದ ಒಂದು ಅಂಗಡಿಯವರು ತಿಂಗಳಿಗೊಮ್ಮೆ, ಹಡಗಿನಲ್ಲಿ ಹೊಸದಾಗಿ ಬಂದ ಪ್ಲೇಟುಗಳ ಹೆಸರುಗಳನ್ನು ಅಚ್ಚು ಹಾಕಿಸಿ ಗಿರಾಕಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಮೇಷ್ಟ್ರಿಗೆ ಇಂಗ್ಲಿಷ್ ಬಾರದು. ಅಂಚೆಯವನ ಕೈಗೆ ಕೊಡುವ ಬದಲು ಆ ಕಾಗದವನ್ನು ನಾನೇ ಸಂಜೆ ತಂದು ಓದುತ್ತಿದ್ದೆ. ನಾನು ಚಪ್ಪಲಿ ಬಿಡುವುದಕ್ಕೆ ಮೊದಲೇ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನಮ್ಮಾತನದು ಏನಾದ್ರೂ ಬಂತಾ?"

ಬಹಳ ತಿಂಗಳು ಇರುತ್ತಿರಲಿಲ್ಲ. ಇಲ್ಲ ಎಂದರೆ, ಪಾಪ ಹುಷಾರಿಲ್ಲವೇನೋ ಎನ್ನುವರು. ಇದ್ದರೆ ಆ ವಾರವೇ ಬೆಂಗಳೂರಿನ ರೈಲು ಹತ್ತಿ ಹೋಗಿ, ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬರುವರು. ಹೀಗೆ ಯುದ್ಧಕ್ಕೆ ಮುಂಚೆ ನಮ್ಮಾತನ ಹೊಸ ಪ್ಲೇಟುಗಳು ನಾಲ್ಕು ಬಂದವು. ಪ್ರತಿ ಸಲವೂ ಹೊಸ ಮುಳ್ಳು ಹಾಕಿ, ಹ್ಯಾಂಡ್ಲು ತಿರುಗಿಸಿ, ದೂರದೂರಿನಲ್ಲಿರುವ ನಂಟನನ್ನು ನೋಡಲು ಹೋದವರ ಹಾಗೆ ಮುಂದಕ್ಕೆ ಬಾಗಿ ಕೂರುವರು. ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿ ತೆಲುಗಿನಲ್ಲಿ ಏನೋ ಹೇಳುವರು. ಆಕೆ ಹೂಂ ಎಂದು ಒಳಗೆ ಹೋಗುವರು. ಒಮ್ಮೆ ನಾನು ಏನೆಂದು ಕೇಳಿದೆ.

"ಇನ್ನೂ ಹಂಗೇ ಇದಾನೆ ಅಂದೆ" ಎಂದರು ಮೇಷ್ಟ್ರು.

ಅರ್ಥವಾಗಲಿಲ್ಲ. ಅರ್ಥವಾದದ್ದು ನನ್ನ ತಾಯಿಯಿಂದ. ಹಿತ್ತಲಿನ ಬೇಲಿಯ ಹತ್ತಿರ ಮೇಷ್ಟ್ರ ಹೆಂಡತಿ ನನ್ನ ತಾಯಿಗೆ ಹೇಳಿಕೊಂಡಿದ್ದರಂತೆ. ಅವರಿಗೆ ಒಬ್ಬಳೇ ಮಗಳು ಇದ್ದಳು. ನಾವು ಆ ಬೀದಿಗೆ ಬರುವ ಹಿಂದಿನ ವರ್ಷ ವಿಷಮಶೀತ ಜ್ವರದಲ್ಲಿ ಹೋದಳು. ಆರು ವರ್ಷ. ಅಷ್ಟು ಸಣ್ಣ ಮಕ್ಕಳಿಗೆ ನಮ್ಮಲ್ಲಿ ಮೆರವಣಿಗೆಯಿಲ್ಲ, ವಾದ್ಯವಿಲ್ಲ. ತಂದೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗುತ್ತಾನೆ, ಮಣ್ಣು ಮಾಡಿ ಬರುತ್ತಾನೆ. ಊರಿನವರ ಅಪ್ಪಂದಿರಿಗೆ, ತಾತಂದಿರಿಗೆಲ್ಲ ಊದಿದ ಮೇಷ್ಟ್ರು ಕ್ಲಾರಿಯೊನೆಟ್ಟನ್ನು ಮನೆಯಲ್ಲೇ ಗೂಟಕ್ಕೆ ತಗುಲಿಹಾಕಿ ಮಗಳನ್ನು ಎತ್ತಿಕೊಂಡು ಹೋದರು. ಗ್ರಾಮಾಫೋನು ಬಂದದ್ದು ಅದಾದ ಕೆಲವು ವಾರಗಳಿಗೆ. ಆ ಪ್ಲೇಟನ್ನು ಮೊದಲ ಸಲ ಹಾಕಿದ ದಿನ ಇವರು ಅತ್ತರು, ಅಲ್ಲಿಯವರೆಗೆ ಅತ್ತಿರಲಿಲ್ಲ ಎಂದು ಆಕೆ ನನ್ನ ತಾಯಿಗೆ ಹೇಳಿದ್ದರು.

ಮೇಷ್ಟ್ರು ನನ್ನೊಡನೆ ಮಗಳ ಮಾತು ಯಾವತ್ತೂ ಎತ್ತಲಿಲ್ಲ. ಎತ್ತಿದ್ದು ನಮ್ಮಾತನ ಮಾತು. ಒಂದು ಸಂಜೆ ಪ್ಲೇಟು ನಿಂತ ಮೇಲೆ ಬಾಯಿಂದ ರೀಡು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು. ರೀಡು ತೆಗೆದು ಅವರು ಮಾತಾಡಿದ್ದು ಅಪರೂಪ.

"ಸುಮ್ಸುಮ್ನೆ ಹಿಂಗೆ ಊದೋಕ್ಕಾಗಲ್ಲ ಸ್ವಾಮಿ. ಒಳಗೆ ಏನೋ ಆಗಿರಬೇಕು. ಆತಂಗೂ ಯಾರೋ ಹೋಗಿದಾರೆ. ಸಣ್ಣೋರು ಯಾರೋ."

ಆಮೇಲೆ, ಅಂಗಡಿಯವರ ಕಾಗದದಲ್ಲಿ ಆತನ ಮನೆ ವಿಷಯ ಏನಾದರೂ ಹಾಕಿದ್ದಾರೆಯೇ ಎಂದು ಕೇಳಿದರು. ಇಲ್ಲ, ಹಾಡಿನ ಹೆಸರು ಮತ್ತು ಬೆಲೆ ಮಾತ್ರ ಎಂದೆ. ಅಂಗಡಿಯವರಿಗೆ ಅದೆಲ್ಲ ಎಲ್ಲಿ ಗೊತ್ತಿರುತ್ತೆ ಎಂದು ತಾವೇ ಸಮಾಧಾನ ಮಾಡಿಕೊಂಡರು.

ಆ ಪೆಟ್ಟಿಗೆಯ ಬಗ್ಗೆ ನಮಗೆ ಅನುಮಾನ ಬರಬೇಕಾದ ಸಂದರ್ಭ ಒಂದು ಬಂದಿತ್ತು. ಬಂದು ಹಾಗೆಯೇ ಹೋಯಿತು. ದರ್ಜಿಗೆ ಆಗಿನ ಒಬ್ಬ ನಾಟಕದ ನಟಿಯ ಮೇಲೆ ಬಹಳ ಅಭಿಮಾನ. ಆಕೆಯ ಚಿತ್ರವನ್ನು ಹೊಲಿಗೆ ಮಿಷನ್ನಿನ ಮೇಲೆ ಗೋಡೆಗೆ ಅಂಟಿಸಿಕೊಂಡಿದ್ದ. ಆಕೆ ಹಾಡಿದ ಪ್ಲೇಟೊಂದನ್ನು ಬೆಂಗಳೂರಿನಿಂದ ತಂದು, ಎಲೆ ಅಡಿಕೆ ಸಮೇತ ಮೇಷ್ಟ್ರ ಮನೆಗೆ ಬಂದ. ಮಾಲೂರಿನಲ್ಲಿ ಗ್ರಾಮಾಫೋನು ಇದ್ದದ್ದು ಇನ್ನು ಎರಡು ಮೂರು ದೊಡ್ಡ ಮನೆಗಳಲ್ಲಿ, ಅವುಗಳ ಹೊಸಲು ದಾಟುವ ಸಲಿಗೆ ನಮಗಾರಿಗೂ ಇರಲಿಲ್ಲ. ಪ್ಲೇಟು ಹಾಕಿದರೆ ಒಳಗಿಂದ ಗಂಡಸಿನ ದನಿ ಬಂತು. ದಪ್ಪ ದನಿ. 'ಪ್ರಾಣಕಾಂತ' ಎಂದು ಎಳೆಯುತ್ತಿತ್ತು. ದರ್ಜಿಯ ಮುಖ ನೋಡಲಾಗುತ್ತಿರಲಿಲ್ಲ.

ಮೇಷ್ಟ್ರಿಗೆ ಆಶ್ಚರ್ಯವೇ ಆಗಲಿಲ್ಲ. ಕಂಪನಿಯಲ್ಲಿ ಹತ್ತು ವರ್ಷ ಇದ್ದವರು. "ಇದರಲ್ಲೇನೈತೆ? ನಮ್ ಕಂಪನೀಲಿ ಸೀತೆ ಪಾತ್ರ ಮಾಡ್ತಿದ್ದೋನಿಗೆ ನನ್ನಷ್ಟು ಮೀಸೆ ಬರ್ತಿತ್ತು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕ್ಷೌರ. ಇವನೂ ಅಂಥೋನೇ ಕಣೋ, ಸ್ತ್ರೀಪಾತ್ರದೋನು" ಎಂದರು. ಎಲ್ಲರಿಗೂ ಅದು ಸರಿಯೆನಿಸಿತು. ಗಂಡಸರು ಸೀರೆಯುಟ್ಟು ಆಡುವುದನ್ನು ನಾವೆಲ್ಲ ನೋಡಿದವರೇ. ದರ್ಜಿ ಮರುದಿನ ಗೋಡೆಯ ಚಿತ್ರವನ್ನು ಕಿತ್ತು, ಆ ಜಾಗದಲ್ಲಿ ಒಂದು ಕ್ಯಾಲೆಂಡರು ಹಾಕಿಕೊಂಡ.

ಯುದ್ಧ ಶುರುವಾಗಿ ಎರಡು ವರ್ಷಕ್ಕೆ ಅಂಗಡಿಯವರ ಕಾಗದ ಬರುವುದು ನಿಂತಿತು. ಹಡಗುಗಳಿಗೆ ಬೇರೆ ಕೆಲಸವಿತ್ತು. ಮೇಷ್ಟ್ರು ಆಮೇಲೂ ತಿಂಗಳ ಮೊದಲ ವಾರ ಜಗಲಿಯಲ್ಲಿ ನನಗಾಗಿ ಕಾಯುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. "ಅಲ್ಲೂ ಯುದ್ಧವೇ ಅಲ್ವಾ, ಇವನನ್ನೂ ಕರ್ಕೊಂಡು ಹೋಗಿರ್ತಾರಾ?" ಎಂದು ಒಮ್ಮೆ ಕೇಳಿದರು. ಪೀಪಿ ಊದುವವರನ್ನು ಕರೆಯುವುದಿಲ್ಲ ಎಂದು ನಾನು ಗೊತ್ತಿಲ್ಲದೆಯೇ ಹೇಳಿದೆ. ಹಳೆಯ ಪ್ಲೇಟುಗಳನ್ನೇ ಮತ್ತೆ ಮತ್ತೆ ಹಾಕಿ ಅವು ಸವೆದು ಹೋಗುತ್ತಿದ್ದವು. ಉದ್ದನೆಯ ಆ ಸ್ವರದ ನಡುವೆ ಒಂದು ಕರಕರ ಸೇರಿಕೊಂಡಿತ್ತು. ಮೇಷ್ಟ್ರು ಅದಕ್ಕೂ, ಆತನ ಗಂಟಲು ಕಟ್ಟಿದೆ ಎನ್ನುತ್ತಿದ್ದರು.

ಆ ಕಾಲದಲ್ಲಿ ಸಿಪಾಯಿಗಳ ರೈಲುಗಳು ಮಾಲೂರಿನಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲುತ್ತಿದ್ದವು. ಒಂದು ಮಧ್ಯಾಹ್ನ ನಾನು ಅಂಚೆ ಚೀಲಕ್ಕಾಗಿ ಸ್ಟೇಷನ್ನಿಗೆ ಹೋದಾಗ ಅಂಥದೊಂದು ರೈಲು ನಿಂತಿತ್ತು. ಅಮೆರಿಕದ ಸಿಪಾಯಿಗಳು ಪ್ಲಾಟ್‌ಫಾರಂ ಮೇಲೆ ಇಳಿದು, ಒಂದು ಸಣ್ಣ ಗ್ರಾಮಾಫೋನನ್ನು ಟ್ರಂಕಿನ ಮೇಲಿಟ್ಟು ಹಾಡು ಹಾಕಿಕೊಂಡಿದ್ದರು. ತುಂಬ ಜೋರಿನ, ಚುರುಕಿನ ಹಾಡು. ಪಕ್ಕದಲ್ಲಿ ಬಿದ್ದಿದ್ದ ಪ್ಲೇಟಿನ ಲಕೋಟೆಯ ಮೇಲೆ ಕಣ್ಣು ಹಾಯಿತು. ನಮ್ಮಾತನ ಹೆಸರು. ಯುದ್ಧದ ನಡುವೆ ಬಂದ ಹೊಸ ಪ್ಲೇಟು, ನಮ್ಮ ಬೆಂಗಳೂರಿಗೆ ಬಾರದೆ ಇದ್ದದ್ದು.

ಚೀಲವನ್ನು ಪೋರ್ಟರಿನ ಕೈಗೆ ಕೊಟ್ಟು ಓಡಿದೆ. ಮೇಷ್ಟ್ರು ಊಟದ ಎಲೆ ಬಿಟ್ಟು, ಕೈ ತೊಳೆಯುತ್ತಲೇ ಬಂದರು. ಸಿಪಾಯಿ ಒಳ್ಳೆಯವನು. ನನ್ನ ಮುರುಕು ಇಂಗ್ಲಿಷ್ ಅರ್ಥ ಮಾಡಿಕೊಂಡು ಪ್ಲೇಟನ್ನು ಮತ್ತೆ ಮೊದಲಿನಿಂದ ಹಾಕಿದ. ಮೇಷ್ಟ್ರು ಕಣ್ಣು ಮುಚ್ಚಿದವರು ಕೂಡಲೇ ತೆರೆದರು.

"ಇದು ಆತ ಅಲ್ಲ" ಎಂದರು.

ಲೇಬಲ್ಲು ತೋರಿಸಿ, ಅದೇ ಹೆಸರು ಎಂದೆ. ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿದ್ದಾನಲ್ಲ, ಉಸಿರು ಎಲ್ಲಿ ಹೋಯಿತು, ಆತನಿಗೆ ಏನಾಗಿದೆ ಎಂದು ಗಾಬರಿಯಾದರು. ಆಮೇಲೆ ನಾನು ನೋಡುತ್ತಿದ್ದ ಹಾಗೆಯೇ ತಿರುಗಿ ಮನೆಯ ಕಡೆ ಹೊರಟರು. ಬರುವಾಗ ಕೈಯಲ್ಲಿ ಬಟ್ಟೆ ಸುತ್ತಿದ ತಮ್ಮ ಹಳೆಯ ಪ್ಲೇಟು. ಮೊದಲ ಪ್ಲೇಟು. ನಮ್ಮಾತ ಹಿಂದೆ ಹೇಗೆ ಊದುತ್ತಿದ್ದ ಎಂಬುದನ್ನು ಆ ಸಿಪಾಯಿಗೆ ಕೇಳಿಸಬೇಕೆಂದು ತಂದಿದ್ದರು.

ಸಿಪಾಯಿ ಅದನ್ನು ತನ್ನ ಪೆಟ್ಟಿಗೆಗೆ ಹಾಕಿದ.

ಹಾಡು ಎದ್ದು ಓಡಿತು. ಬಾವಿಯೊಳಗಿನ ಗಂಡಸು ಮೇಲೆ ಬಂದು, ಯಾರೋ ತಮಾಷೆ ಹೇಳಿದ ಹಾಗೆ ನಾಲ್ಕು ಸಾಲು ಹಾಡಿ ಹೋದ. ಉದ್ದನೆಯ ಸ್ವರ ಬಂತು. ಉದ್ದವಾಗಿಯೇ ಇತ್ತು, ಆದರೆ ನಾವು ಉಸಿರು ಹಿಡಿಯುವುದಕ್ಕೆ ಮೊದಲೇ ಮುಗಿದು, ನಗುತ್ತ ಕೆಳಕ್ಕೆ ಜಾರಿತು. ಸಿಪಾಯಿಗೆ ಆ ಹಾಡು ಗೊತ್ತಿತ್ತು. ಬೂಟಿನಲ್ಲಿ ತಾಳ ಹಾಕುತ್ತ ನನ್ನ ಕಡೆ ತಿರುಗಿ ಏನೋ ಹೇಳಿದ. ಮೇಷ್ಟ್ರು ನನ್ನ ಮುಖ ನೋಡಿದರು. ಹೇಳದೆ ಬಿಡಬಹುದಿತ್ತು. ಆದರೆ ಅವರು ನನ್ನ ಕೈ ಹಿಡಿದುಕೊಂಡಿದ್ದರು.

ಅವನ ಅಣ್ಣನ ಮದುವೆಯಲ್ಲಿ ಎಲ್ಲರೂ ಈ ಹಾಡಿಗೆ ಕುಣಿದರಂತೆ ಎಂದೆ.

ಎದುರಿನ ಗಾಡಿ ಹಾದುಹೋಗಿ ಸಿಳ್ಳೆಯಾಯಿತು. ಸಿಪಾಯಿ ಪ್ಲೇಟನ್ನು ಜೋಪಾನವಾಗಿ ಹಿಂದಕ್ಕೆ ಕೊಟ್ಟು ಕೈ ಬೀಸಿ ಹೋದ.

ಮುಂದಿನ ಸಲ ಕೋಲಾರಕ್ಕೆ ಹೋದಾಗ ನಾನು ಆ ರಿಪೇರಿಯವನನ್ನು ಹುಡುಕಿ ಕೇಳಿದೆ. ಅವನಿಗೆ ನೆನಪಿತ್ತು. ಗ್ರಾಮಾಫೋನಿನ ಸ್ಪ್ರಿಂಗು ಸಿಗದೆ, ಗೋಡೆ ಗಡಿಯಾರದ್ದನ್ನು ಹಾಕಿದ್ದನಂತೆ. ಅದು ತೆಳ್ಳಗಿನದು, ಎಷ್ಟು ತಿರುಗಿಸಿದರೂ ಪ್ಲೇಟನ್ನು ಅದರ ಓಟಕ್ಕೆ ಎಳೆಯಲಾರದು, ಹಾಡು ನಿಧಾನವಾಗಿ ದನಿ ದಪ್ಪಗಾಗುತ್ತದೆ. ತಿರುಗಿತಲ್ಲ ಸ್ವಾಮಿ, ಸುಮ್ಮನಂತೂ ನಿಂತಿರಲಿಲ್ಲವಲ್ಲ ಎಂದ. ಈಗ ಸರಿಯಾದದ್ದು ಇದೆ, ಹಾಕಿಕೊಡುತ್ತೇನೆ ಎಂದೂ ಹೇಳಿದ. ನಾನು ಬಂದು ಮೇಷ್ಟ್ರಿಗೆ ತಿಳಿಸಿದೆ. ದರ್ಜಿಯೂ ಅಲ್ಲೇ ಕೂತಿದ್ದ. ಅವನು ಕೈಯಲ್ಲಿದ್ದ ಎಲೆ ಅಡಿಕೆ ಕೆಳಗಿಟ್ಟು, "ಹಂಗಾದ್ರೆ ಆ ನಾಟಕದಾಕೆ ಹೆಂಗಸೇ?" ಎಂದ. ನಾನು ನಕ್ಕೆ. ಮೇಷ್ಟ್ರ ಹೆಂಡತಿಯೂ ಒಳಗಿನಿಂದ ನಕ್ಕರು. ಮೇಷ್ಟ್ರು ನಗಲಿಲ್ಲ. ಸ್ಪ್ರಿಂಗು ಬೇಡವೆಂದು ಕೈ ಅಲ್ಲಾಡಿಸಿದರು.

ದರ್ಜಿ ಹೋದ ಮೇಲೆ, "ಆತಂಗೆ ಏನೂ ಆಗಿರಲಿಲ್ಲ ಸ್ವಾಮಿ" ಎಂದರು. "ಇಷ್ಟು ವರ್ಷ ನಾನೊಬ್ಬನೇ."

ಅಂದಿನಿಂದ ಪೆಟ್ಟಿಗೆಯ ಮುಚ್ಚಳ ತೆರೆಯಲಿಲ್ಲ. ಅದರ ಮೇಲೆ ಮೇಷ್ಟ್ರ ಹೆಂಡತಿ ಹಪ್ಪಳದ ಡಬ್ಬ ಇಡತೊಡಗಿದರು. ತಿಂಗಳ ಮೊದಲ ವಾರ ಮೇಷ್ಟ್ರು ಜಗಲಿಯಲ್ಲಿ ಇರುತ್ತಿರಲಿಲ್ಲ. ಬ್ಯಾಂಡು ಮದುವೆಗಳಿಗೆ ಹೋಗುತ್ತಿತ್ತು, ಮೆರವಣಿಗೆಗೂ ಹೋಗುತ್ತಿತ್ತು. ಸಾವಿನ ಮನೆಯವರು ಆ ಹಾಡು ಕೇಳಿದರೆ, ಮರೆತುಹೋಗಿದೆ ಎಂದು ಹೇಳಿ ಒಂದು ಭಜನೆ ಊದಿ ಬರುತ್ತಿದ್ದರು. ಕೆರೆ ಏರಿಯ ನಡಿಗೆಯೂ ನಿಂತಿತು. ಇಷ್ಟು ಉಸಿರು ಕೂಡಿಟ್ಟುಕೊಂಡು ನಾನೇನು ಮಾಡಲಿ ಎಂದು ಒಂದು ದಿನ ಕೇಳಿದರು. ನನ್ನನ್ನು ಕೇಳಿದ್ದಲ್ಲ ಅದು. ನಾನು ಸಂಜೆ ಹೋಗುವುದನ್ನು ಬಿಡಲಿಲ್ಲ. ಹೋಗಿ ಕೂತು ಬರುತ್ತಿದ್ದೆ. ನನಗೂ ಆ ನಿಧಾನದ ಹಾಡು ಬೇಕಾಗಿತ್ತು. ಅದು ಗೋಡೆಯಾಚೆ ಇಲ್ಲದ ಸಂಜೆಗಳು ಬಹಳ ಬರಿದಾಗಿದ್ದವು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಲಕ್ಕೂರಿನಿಂದ ಒಬ್ಬ ಹುಡುಗ ಗಾಡಿ ಕಟ್ಟಿಕೊಂಡು ಬಂದ. ಅವನ ದೊಡ್ಡಪ್ಪ, ಹಿಪ್ಪುನೇರಳೆ ಬೆಳೆಸಿಕೊಂಡಿದ್ದ ವಯಸ್ಸಾದ ಗೌಡರು, ಹಿಂದಿನ ದಿನ ತೀರಿಕೊಂಡಿದ್ದರು. ಅವರ ತಮ್ಮನ ಮಣ್ಣಿಗೆ ಮೇಷ್ಟ್ರೇ ಹೋಗಿ ಊದಿದ್ದರು. ಅದೇ ಹಾಡು ಬೇಕು ಎಂದ.

ಮೇಷ್ಟ್ರು ಈ ಸಲ ಮರೆತಿದೆ ಎಂದು ಹೇಳಲಿಲ್ಲ. "ಅದು ಸಾವಿನ ಹಾಡಲ್ಲ ಕಣಪ್ಪಾ. ಮದುವೇಲಿ ಕುಣಿಯೋ ಹಾಡು. ನಮ್ಮನೆ ಪೆಟ್ಟಿಗೆ ಕೆಟ್ಟಿತ್ತು. ನಾನು ತಪ್ಪಾಗಿ ಊದ್ತಿದ್ದೆ."

ಆ ಹುಡುಗನಿಗೆ ಪೆಟ್ಟಿಗೆಯ ಮಾತು ತಲೆಗೆ ಹೋಗಲಿಲ್ಲ. "ನಮ್ ದೊಡ್ಡಪ್ಪ ಕೇಳಿದ್ದು ನೀವು ಊದಿದ್ದು" ಎಂದ. "ಇನ್ಯಾರೋ ಊದಿದ್ದನ್ನ ಈ ಕಡೆ ಯಾರು ಕೇಳಿದಾರೆ? ನಂಗೂ ಅದೇ ಊದಿಸ್ರಪ್ಪ ಅಂತ ಹೇಳಿ ಕಣ್ಣು ಮುಚ್ಚಿದಾರೆ. ಬರಲ್ಲ ಅಂದ್ರೆ ಹೆಣ ಎತ್ತೋದು ಹೆಂಗೆ ಹೇಳಿ?"

ಮೇಷ್ಟ್ರು ಬ್ಯಾಂಡಿನವರಿಗೆ ಹೇಳಿಕಳಿಸಿ, ಒಳಗೆ ಹೋಗಿ ಕೆಂಪು ಕೋಟು ಹಾಕಿಕೊಂಡು ಬಂದರು. ರಜೆಯ ದಿನವಾದ್ದರಿಂದ ನಾನೂ ಗಾಡಿ ಹತ್ತಿದೆ. ಬಾ ಎಂದು ಅವರೇನೂ ಕರೆಯಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಲಕ್ಕೂರಿನಲ್ಲಿ ಅವರು ಊದಿದ್ದನ್ನು ಇಷ್ಟು ದಿನದ ಮೇಲೂ ಸರಿಯಾಗಿ ಬರೆಯಲಾರೆ. ಮನೆಯಿಂದ ಗೌಡರ ಹೊಲದವರೆಗೆ ದಾರಿ ಉದ್ದ. ಮೊದಲು ಬೇರೆ ಬೇರೆ ಊದಿದರು. ಹೊಲದ ಬದು ಏರುವಾಗ, ದರ್ಜಿಯ ಕಡೆ ತಿರುಗಿ ಕೈ ಕೆಳಗೆ ಒತ್ತಿ ತೋರಿಸಿದರು. ಆ ಹಾಡು ಶುರುವಾಯಿತು. ಹೊತ್ತವರ ಹೆಜ್ಜೆ ತಾನಾಗಿಯೇ ಅದಕ್ಕೆ ಹೊಂದಿಕೊಂಡಿತು. ಉದ್ದನೆಯ ಸ್ವರ ಬಂದಾಗ ನಾನು ಅಭ್ಯಾಸದಂತೆ ಉಸಿರು ಹಿಡಿದೆ. ನನ್ನದು ಮುಗಿಯಿತು. ಮತ್ತೆ ತೆಗೆದುಕೊಂಡೆ. ಅವರದು ಇನ್ನೂ ನಡೆಯುತ್ತಿತ್ತು. ಪ್ಲೇಟಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಉದ್ದ. ಯಾವ ಪೆಟ್ಟಿಗೆಯಲ್ಲೂ, ಎಷ್ಟೇ ನಿಧಾನವಾಗಿ ತಿರುಗಿದರೂ, ಅಷ್ಟು ಉದ್ದದ್ದು ಬಂದಿರಲಿಲ್ಲ. ಗೌಡರ ಹೆಂಡತಿ ಅಳು ನಿಲ್ಲಿಸಿ ಕೇಳುತ್ತಿದ್ದರು. ಮೇಷ್ಟ್ರು ಯಾರನ್ನೂ ನೋಡುತ್ತಿರಲಿಲ್ಲ. ಅವರ ಎರಡೂ ಕೈ ವಾದ್ಯವನ್ನು ಎದೆಗೆ ಹತ್ತಿರವಾಗಿ, ಏನನ್ನೋ ಎತ್ತಿಕೊಂಡು ಹೋಗುವವರ ಹಾಗೆ ಹಿಡಿದಿದ್ದವು.

ಮಣ್ಣು ಮುಗಿದ ಮೇಲೆ ವಾದ್ಯದವರು ಊದಬಾರದು. ಸುಮ್ಮನೆ ಗಾಡಿ ಹತ್ತಿ ಹೊರಟೆವು. ಊರು ದಾಟಿ, ಕೆರೆ ದಾಟಿ, ಬಯಲಿಗೆ ಬಂದಾಗ ಮೇಷ್ಟ್ರು ಗಾಡಿ ನಿಲ್ಲಿಸು ಎಂದರು. ಹಿಂದಕ್ಕೆ ನೋಡಿ, ಇಲ್ಲಿಂದ ಊರಿಗೆ ಕೇಳಿಸುವುದಿಲ್ಲ ಅಲ್ಲವೇ ಎಂದು ಕೇಳಿದರು. ಕೇಳಿಸುವುದಿಲ್ಲ ಎಂದ ಗಾಡಿಯವನು. ಇಳಿದು ಒಂದು ಬಂಡೆಯ ಹತ್ತಿರ ನಿಂತು ವಾದ್ಯವನ್ನು ತುಟಿಗೆ ಇಟ್ಟರು.

ಅದೇ ಹಾಡು. ಸ್ಟೇಷನ್ನಿನಲ್ಲಿ ಕೇಳಿದ ಓಟದಲ್ಲಿ. ಮೊದಲ ಸಲ ಬೆರಳು ಎಡವಿತು. ನಿಲ್ಲಿಸಿ, ಬೈದುಕೊಂಡು, ಮತ್ತೆ ಶುರುಮಾಡಿದರು. ಈ ಸಲ ನಿಲ್ಲಲಿಲ್ಲ. ದರ್ಜಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು, ಗಾಡಿಯ ಮೇಲೆ ಕೂತಲ್ಲಿಂದಲೇ ಡ್ರಮ್ಮಿನ ಕೋಲು ತೆಗೆದುಕೊಂಡ. ಕಾರ್ನೆಟ್ಟಿನವನಿಗೆ ಎಲ್ಲಿ ಸೇರಿಕೊಳ್ಳಬೇಕೋ ತಿಳಿಯದೆ ಎರಡು ಸಲ ತಪ್ಪಿ ಮೂರನೆಯ ಸಲ ಸೇರಿಕೊಂಡ. ಎತ್ತುಗಳು ಕಿವಿ ನಿಮಿರಿಸಿ ನೊಗ ಅಲ್ಲಾಡಿಸಿದವು. ಬೂದುಬಣ್ಣದ ಆ ಬಯಲಿನಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಉದ್ದನೆಯ ಸ್ವರವನ್ನು ಮೇಷ್ಟ್ರು ಬೇಕೆಂದೇ ಚಿಕ್ಕದಾಗಿ ಬಿಟ್ಟು, ಅದು ನಗುತ್ತ ಜಾರುವ ಕಡೆ ಜಾರಿಸಿ, ಕೊನೆಯವರೆಗೂ ಓಡಿಸಿಕೊಂಡು ಹೋಗಿ ನಿಲ್ಲಿಸಿದರು.

ನಿಲ್ಲಿಸಿ ಬಂಡೆಯ ಮೇಲೆ ಕುಸಿದು ಕೂತರು. ಏದುಸಿರು ಬರುತ್ತಿತ್ತು. ಎದೆ ಹಾರುತ್ತಿತ್ತು, ಹಣೆಯಲ್ಲಿ ಬೆವರು. ಅವರಿಗೆ ಉಸಿರು ಸಾಲದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೀರಿನ ಚೊಂಬು ಕೊಟ್ಟೆ. ಕುಡಿಯದೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಖುಷಿಯಾಗಿರೋನು ಸ್ವಾಮಿ ಆತ" ಎಂದರು. ಮಾತಿನ ನಡುವೆ ನಾಲ್ಕು ಕಡೆ ಉಸಿರು ತೆಗೆದುಕೊಂಡರು. "ಮನೇಲಿ ಎಲ್ಲಾರೂ ಇದಾರೆ ಆತಂಗೆ. ಇರ್ಲಿ ಬಿಡಿ. ಒಬ್ಬಂಗಾದ್ರೂ ಇರ್ಲಿ."